ಹಣದ ಯಂತ್ರದ ಕಳ್ಳಬಾಯಿ

ಡಂಗುರ ಹೊಡೆದದ್ದು ಹೀಗೆ: "ಕೇಳಿರಪ್ಪಾ ಕೇಳಿ, ದೊರೆ ಮದನಮಲ್ಲನ ಹಣದ ಯಂತ್ರಗಳು ತಪ್ಪು ಮಾಡುವುದಿಲ್ಲ. ದುಡ್ಡು ಕಾಣೆಯಾಯಿತೆಂದು ದೂರು ತರುವವರು ಅರಮನೆಯ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದರೆ ದುಡ್ಡು ವಾಪಸು, ಸೋತರೆ ತಲೆದಂಡ."

ಎಂಥ ರಾಜ್ಯ ನೋಡಿ. ಕದ್ದವನನ್ನು ಹುಡುಕುವವರಿಲ್ಲ, ಕಳಕೊಂಡವನೇ ಪರೀಕ್ಷೆಗೆ ನಿಲ್ಲಬೇಕು. ಮದನಮಲ್ಲ ಬೀದಿಬೀದಿಗೂ ಯಂತ್ರ ನಿಲ್ಲಿಸಿ, ಜನರ ಮಡಕೆ ಕುಡಿಕೆಯಲ್ಲಿದ್ದ ದುಡ್ಡನ್ನೆಲ್ಲ ತನ್ನ ಭಂಡಾರಕ್ಕೆ ತುಂಬಿಸಿಕೊಂಡಿದ್ದ. ಬದಲಿಗೆ ಪ್ರತಿಯೊಬ್ಬರಿಗೂ ಒಂದು ಕಾರ್ಡು, ಒಂದು ಗುಟ್ಟಿನ ನಂಬರು. ಕಾರ್ಡು ತೂರಿಸಿ ನಂಬರು ಒತ್ತಿದರೆ ದುಡ್ಡು ಬರುತ್ತಿತ್ತು. ಬರಬರುತ್ತ ಒತ್ತದೆಯೂ ಖಾಲಿಯಾಗತೊಡಗಿತು. ಕೇಳಲು ಹೋದರೆ ಭಂಡಾರಿ ಭುಜಬಲಯ್ಯ, ನಂಬರನ್ನು ನೀವೇ ಯಾರಿಗೋ ಹೇಳಿರುತ್ತೀರಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

ದನದ ಸಂತೆಯಲ್ಲಿ ರಾಸುಗಳಿಗೆ ನೀರು ಹೊತ್ತುಹಾಕುತ್ತಿದ್ದ ಮರಿದೇವನಿಗೆ ಅಕ್ಕ ಚೌಡಮ್ಮನ ಹೊರತು ತನ್ನವರೆನ್ನುವವರಿರಲಿಲ್ಲ. ಮಜ್ಜಿಗೆ ಮಾರಿ, ಒಂದು ಎಮ್ಮೆ ಕೊಳ್ಳೋಣವೆಂದು ಅವಳು ಕೂಡಿಟ್ಟಿದ್ದ ದುಡ್ಡು ಒಂದು ಬೆಳಗ್ಗೆ ನೋಡಿದರೆ ಇರಲೇ ಇಲ್ಲ. ಅವಳು ಡಂಗುರಕ್ಕೆ ಹೆದರದೆ ಅರಮನೆಗೆ ಹೋದಳು. ಮೊದಲ ಒಗಟಿಗೇ ತಡವರಿಸಿದಳು. ಸುಳ್ಳುಗಾತಿ ಎಂದು ಸೆರೆಗೆ ತಳ್ಳಿ, ಅಮಾವಾಸ್ಯೆಗೆ ತಲೆ ತೆಗೆಯುವುದೆಂದು ಸಾರಿದರು. ಅವಳ ಪರವಾಗಿ ಒಡಹುಟ್ಟಿದವರು ಉತ್ತರಿಸಬಹುದಂತೆ, ಸೋತರೆ ಎರಡು ತಲೆಯೂ ಹೋಗುತ್ತದಂತೆ.

ಮರಿದೇವನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಅಕ್ಕ ದುಡ್ಡು ತೆಗೆಯುತ್ತಿದ್ದ ಯಂತ್ರದ ಮುಂದೆ ನಿಂತು, ಬಾಯಿಗೆ ಬಂದದ್ದೆಲ್ಲ ಬೈದು, ಕಾರ್ಡು ತೂರಿಸುವ ಬಾಯಿಗೇ ಒಂದು ಗುದ್ದು ಗುದ್ದಿದ. ಬಾಯಿ ಕಿತ್ತು ಕೈಗೆ ಬಂತು. ಅದರ ಹಿಂದೆ ಇನ್ನೊಂದು ಬಾಯಿ ಭದ್ರವಾಗಿ ಕೂತಿತ್ತು. ಕಿತ್ತು ಬಂದದ್ದರ ಅಂಚಿನಲ್ಲಿ ಸಾಸಿವೆಯಷ್ಟು ಗಾಜಿನ ಕಣ್ಣು, ಅದು ನಂಬರು ಒತ್ತುವ ಕಡೆಗೇ ತಿರುಗಿತ್ತು. ಅವನು ಆ ಕಳ್ಳಬಾಯಿಯನ್ನು ಹೆಗಲ ವಲ್ಲಿಯಲ್ಲಿ ಸುತ್ತಿಕೊಂಡು ಅರಮನೆಯ ದಾರಿ ಹಿಡಿದ.

ಅಂದೇ ಅಮಾವಾಸ್ಯೆ. ಸಭೆಯಲ್ಲಿ ಅವನಿಗಿಂತ ಮೊದಲೇ ದೂರು ತಂದ ಇಬ್ಬರು ನಿಂತಿದ್ದರು. ಭಂಡಾರಿ ದೊರೆಯ ಕಿವಿಯಲ್ಲಿ ಉತ್ತರಗಳನ್ನು ಉಸುರಿ, ಗಟ್ಟಿಯಾಗಿ ಒಗಟು ಹೇಳಿದ: "ಬಾಯಿ ಬಿಚ್ಚದೆ ಆಡಿದ ಗುಟ್ಟು. ಆಡಿದವನಿಗೆ ಆಡಿದೆನೆಂದು ತಿಳಿಯುವುದಿಲ್ಲ, ಹಿಂದೆ ನಿಂತವನಿಗೆ ಕಿವಿಯಿಲ್ಲದೆ ಕೇಳಿಸುತ್ತದೆ. ಏನದು?"

ಅವರಲ್ಲಿ ತರ್ಕ ಓದಿದ ಪಂಡಿತರೊಬ್ಬರು ಬಹಳ ಹೊತ್ತು ಕಣ್ಣು ಮುಚ್ಚಿ, ಮನಸ್ಸಾಕ್ಷಿ ಎಂದರು. ಭಟರು ಅವರನ್ನು ಎಳೆದೊಯ್ದರು. ಜವಳಿ ವ್ಯಾಪಾರಿ ಪದುಮಶೆಟ್ಟಿ ಕನಸು ಎಂದ. ಅವನನ್ನೂ ಎಳೆದೊಯ್ದರು. ತಮ್ಮ ದುಡ್ಡು ತಾವು ಕೇಳಿದ್ದೇ ಅವರ ತಪ್ಪು! ಅಂಗಳದಲ್ಲಿ ಕೊಡಲಿ ಎರಡು ಸಲ ಬಿದ್ದ ಸದ್ದು ಕೇಳಿಸಿತು, ಆದರೂ ಮರಿದೇವನ ಸಿಟ್ಟು ತಣ್ಣಗಾಗಲಿಲ್ಲ.

"ಸಂತೇಲಿ ದಲ್ಲಾಳಿಗಳು ರೇಟು ಬಾಯಲ್ಲಿ ಹೇಳಲ್ಲ ಬುದ್ಧಿ," ಎಂದ. "ವಲ್ಲಿ ಕೆಳಗೆ ಕೈಯಿಟ್ಟು ಬೆರಳು ಹಿಡಿದು ಹೇಳ್ತಾರೆ. ಯಾಕಂದ್ರೆ ಬೆರಳಿಗೂ ಬಾಯಿ ಐತೆ. ಯಂತ್ರದ ಮುಂದೆ ನಾವು ಬರೀ ಕೈಯಲ್ಲಿ ಒತ್ತೋ ಗುಟ್ಟಿನ ನಂಬರು ಅದು."

ದೊರೆ ತಲೆಯಾಡಿಸಿದ. ಭಂಡಾರಿಯ ಮುಖ ಸಣ್ಣಗಾಯಿತು. ಎರಡನೆಯದನ್ನು ಹೇಳಿದ: "ತುತ್ತು ಕೊಟ್ಟವನಿಗೆ ಕಾಣದಂತೆ ಎಂಜಲು ಮಾಡುವ ಬಾಯಿ. ತುತ್ತು ಹಾಗೇ ಮುಂದಿನ ಬಾಯಿಗೆ ಹೋಗುತ್ತದೆ, ಹೊಟ್ಟೆ ತುಂಬುವುದು ಮಾತ್ರ ಇನ್ನೆಲ್ಲೋ. ಏನದು?"

ಮರಿದೇವ ವಲ್ಲಿ ಬಿಚ್ಚಿ ಕಳ್ಳಬಾಯಿಯನ್ನು ಸಿಂಹಾಸನದ ಮೆಟ್ಟಿಲಿಗೆ ಎಸೆದ. ಯಂತ್ರದ ಬಾಯಿಯ ಮೇಲೆ ಯಾರೋ ಅಂಟಿಸಿದ್ದೆಂದೂ, ಕಾರ್ಡು ತನ್ನನ್ನು ದಾಟಿ ಹೋಗುವಾಗ ಈ ಬಾಯಿ ಕಾರ್ಡಿನ ಒಳಗುಟ್ಟನ್ನೆಲ್ಲ ನಕಲು ಮಾಡಿಕೊಳ್ಳುತ್ತದೆಂದೂ, ಆ ನಕಲಿನಿಂದಲೂ ಗಾಜಿನ ಕಣ್ಣು ಕದ್ದ ನಂಬರಿನಿಂದಲೂ ಬೇರೆ ಊರಿನಲ್ಲಿ ದುಡ್ಡು ಎಳೆಯುತ್ತಾರೆಂದೂ ಒಗಟಿನ ಮಾತನ್ನೇ ಹಿಡಿದು ಬಿಡಿಸಿ ಹೇಳಿದ. ಅದೂ ಸರಿಯೆಂದು ದೊರೆ ಒಪ್ಪಬೇಕಾಯಿತು.

ಭಂಡಾರಿ ಈಗ ನಕ್ಕ. ಕೊನೆಯ ಒಗಟಿನ ಮೇಲೆ ಅವನಿಗೆ ಅಷ್ಟು ಭರವಸೆ. "ಮನೆ ಅರಸನದು, ಕೀಲಿ ಪ್ರಜೆಯದು, ಕೈ ಕಳ್ಳನದು. ಕಳ್ಳ ಸಿಗಲಿಲ್ಲ. ನಷ್ಟ ಕಟ್ಟಿಕೊಡಬೇಕಾದವರು ಯಾರು?"

ಉತ್ತರಕ್ಕೆ ಮೊದಲು ಮರಿದೇವ ಒಂದು ಮಾತು ಕೇಳಿದ. ಈ ಒಗಟುಗಳನ್ನು ಕಟ್ಟಿದವರು ಯಾರು? ಭಂಡಾರಿ ಎದೆಯುಬ್ಬಿಸಿ, ತಾನೇ ಕಟ್ಟಿದ್ದು, ಹೋದ ಯುಗಾದಿಗೂ ಮೊದಲೇ ಕಟ್ಟಿಟ್ಟಿದ್ದು ಎಂದ.

"ಹಂಗಾದ್ರೆ ಈ ಕಳ್ಳಬಾಯಿ ಇರೋದು ನಿಮಗೆ ಯುಗಾದಿಗೂ ಮುಂಚೆನೇ ಗೊತ್ತಿತ್ತು," ಎಂದ ಮರಿದೇವ. "ಕಿತ್ತು ಹಾಕಿಸ್ಲಿಲ್ಲ. ನಂಬರು ಒತ್ತೋವಾಗ ಕೈ ಮರೆಮಾಡ್ಕೊಳ್ಳಿ ಅಂತ ಒಂದು ಮಾತು ಸಾರಿಸ್ಲಿಲ್ಲ. ಗೊತ್ತಿದ್ದನ್ನ ಒಗಟು ಮಾಡ್ಕೊಂಡು ಜನರ ತಲೆ ತೆಗೆದ್ರಿ. ಗೊತ್ತಿದ್ದೂ ಸುಮ್ನಿದ್ದೋರು ಕಟ್ಟಿಕೊಡ್ಬೇಕು ಬುದ್ಧಿ. ಅದೇ ನನ್ನ ಉತ್ತರ."

ಭಂಡಾರಿ ದೊರೆಯ ಕಿವಿಯಲ್ಲಿ ಉಸುರಿದ್ದ ಉತ್ತರ ಪ್ರಜೆ ಎಂದು. ಮೆಟ್ಟಿಲ ಮೇಲೆ ಕಳ್ಳಬಾಯಿ ಬಿದ್ದಿರುವಾಗ, ತುಂಬಿದ ಸಭೆಯಲ್ಲಿ ಅದನ್ನು ಹೇಳಲು ದೊರೆಗೂ ಮುಖವಿರಲಿಲ್ಲ. ಮರಿದೇವನ ಉತ್ತರವೇ ಸರಿ ಎಂದ.

ಚೌಡಮ್ಮನ ಸಂಕೋಲೆ ಬಿಚ್ಚಿದರು. ಭುಜಬಲಯ್ಯನ ಆಸ್ತಿ ಹರಾಜು ಹಾಕಿ ಎಲ್ಲರ ದುಡ್ಡು ತುಂಬಿಕೊಟ್ಟರು, ಅವನನ್ನು ಅದೇ ಸೆರೆಗೆ ಹಾಕಿದರು. ದೊರೆ ಮರಿದೇವನಿಗೆ ಶಾಲು ಹೊದಿಸಿ, ಇನ್ನು ಮೇಲೆ ದೂರು ಕೇಳುವ ಅಧಿಕಾರಿ ನೀನೇ ಎಂದ. ತನ್ನ ನ್ಯಾಯ ತನಗೇ ಹಿಡಿಸಿ ಮೀಸೆ ತಿರುವಿಕೊಂಡ.

ಮರುದಿನ ಮೊದಲು ದೂರು ತಂದವಳು ಪದುಮಶೆಟ್ಟಿಯ ಹೆಂಡತಿ ಸಾತಮ್ಮ. ಮರಿದೇವ ಎದ್ದು ಅವಳನ್ನು ಕೂರಿಸಿ, ನಿಮ್ಮ ದುಡ್ಡೆಲ್ಲ ವಾಪಸು ಬಂತಲ್ಲವೇ ತಾಯಿ ಎಂದು ಕೇಳಿದ. ಬಂದಿದೆ, ಅದಕ್ಕಲ್ಲ ಬಂದದ್ದು ಎಂದಳು. ಅವಳ ದೂರು ಪೂರ್ತಿ ಕೇಳಿ, ಹೆಗಲ ಶಾಲು ತೆಗೆದಿಟ್ಟು, ಅವಳನ್ನು ದೊರೆಯ ಮುಂದೆಯೇ ಕರೆತಂದು ನಿಲ್ಲಿಸಿದ.

"ದುಡ್ಡು ಕೊಟ್ರಿ ಸ್ವಾಮಿ," ಎಂದಳು ಸಾತಮ್ಮ. "ನಮ್ಮ ಯಜಮಾನ್ರು ಸುಳ್ಳು ಹೇಳಿರ್ಲಿಲ್ಲ ಅಂತ ಈಗ ನಿಮಗೂ ಗೊತ್ತಾಯ್ತು. ಅವರ ತಲೆ ಯಾರು ಕಟ್ಟಿಕೊಡ್ತಾರೆ?"

ದೊರೆ ಭಂಡಾರಿಯ ಖಾಲಿ ಪೀಠದ ಕಡೆ ನೋಡಿದ. ಕಿವಿಯಲ್ಲಿ ಉತ್ತರ ಉಸುರುವವರು ಯಾರೂ ಇರಲಿಲ್ಲ. ಸಾತಮ್ಮ ಕಾಯುತ್ತ ನಿಂತೇ ಇದ್ದಳು.