ಬಣ್ಣದ ಸಿದ್ದಯ್ಯನ ಕಿರಿ ಸೊಸೆ

ಕಣ್ಣು ಮುಚ್ಕೊಂಡು ಕೇಳು ಕಂದ. ನಮ್ಮಜ್ಜಿಗೆ ಅವರಜ್ಜಿ ಹೇಳ್ತಿದ್ದ ಹಳೇ ಕಾಲದಲ್ಲಿ, ಒಂದು ಹಳ್ಳದ ದಂಡೆ ಮೇಲೆ ಬಣ್ಣದ ಸಿದ್ದಯ್ಯ ಅಂತ ಒಬ್ಬ ಇದ್ದನಂತೆ. ಅವನಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಎಲ್ಲರೂ ಸೇರಿ ನೂಲಿಗೆ, ಸೀರೆಗೆ ಬಣ್ಣ ಹಾಕೋರಂತೆ. ಅವರು ಹಾಕಿದ ಕೆಂಪು ಬಣ್ಣ, ಸೀರೆ ಹರಿದರೂ ಮಾಸ್ತಿರಲಿಲ್ಲ, ಅರಮನೆಯಿಂದಲೂ ಹೇಳಿಕಳಿಸೋರಂತೆ. ಬಣ್ಣ ಕುದಿಸಿ ಮಿಕ್ಕ ನೀರನ್ನ ಮಾತ್ರ ಹಳ್ಳಕ್ಕೇ ಚೆಲ್ಲೋರಂತೆ.

ಕಿರಿ ಸೊಸೆ ಹೆಸರು ಪುಟ್ಟೀರಮ್ಮ. ಅವಳ ತವರು ಅದೇ ಹಳ್ಳದ ಕೆಳಗಡೆ ಊರು. ಒಂದ್ಸಲ ಅಲ್ಲಿಗೆ ಹೋಗಿ ನೋಡ್ತಾಳೆ, ಮೀನು ಸತ್ತು ತೇಲ್ತಾ ಇವೆ, ಕರು ನೀರು ಮೂಸಿ ಮುಖ ತಿರುಗಿಸುತ್ತೆ, ಪುಟ್ಟ ತಂಗಿ ವಾಂತಿ ಭೇದಿಯಾಗಿ ಚಾಪೆ ಹಿಡಿದಿದಾಳೆ. ನಿಮ್ಮನೆಯೋರು ಚೆಲ್ಲಿದ್ದೇ ಕಣವ್ವ ನಾವು ಕುಡಿಯೋದು, ಬೇರೆ ಎಲ್ಲಿಂದ ತರೋಣ, ಅಂದಳಂತೆ ಅವರಮ್ಮ.

ಪುಟ್ಟೀರಮ್ಮ ಬಂದು ಮೊದಲು ಗಂಡನಿಗೆ ಹೇಳಿದಳಂತೆ. ಅಪ್ಪನ್ನ ಕೇಳು ಅಂದ. ಆಮೇಲೆ ಅತ್ತೆಗೆ ಹೇಳಿದಳಂತೆ. ಹರೀತಾ ಹರೀತಾ ತಾನೇ ತಿಳಿಯಾಗುತ್ತೆ ಬಿಡು ಅಂದಳು. ಆಮೇಲೆ ಏನು ಮಾಡಿದಳು ಗೊತ್ತಾ, ತವರಿಗೆ ನಡಕೊಂಡು ಹೋಗಿ, ಅಲ್ಲಿನ ನೀರು ಒಂದು ಬಿಂದಿಗೆ ಹೊತ್ಕೊಂಡು ಬಂದು, ಮಾವ ಊಟಕ್ಕೆ ಕೂತಾಗ ಅದನ್ನೇ ಚೊಂಬಲ್ಲಿ ಇಟ್ಟಳಂತೆ.

ಸಿದ್ದಯ್ಯ ಬಾಯಿ ಹತ್ರ ತಂದೋನು ಹಾಗೇ ಕೆಳಗಿಟ್ಟ. ಇದ್ಯಾವ ನೀರವ್ವ ಅಂದ.

ನಮ್ಮಮ್ಮನ ಮನೇದು ಮಾವ, ನನ್ನ ತಂಗಿ ದಿನಾ ಕುಡಿಯೋದು, ಅಂದಳಂತೆ.

ಸಿದ್ದಯ್ಯ ಆ ನೀರನ್ನ ಅಂಗೈಗೆ ಸುರಕೊಂಡು ನೋಡಿದರೆ ಕೆಂಪಗಿತ್ತಂತೆ. ಆಮೇಲೆ, ಈ ಕೆಂಪು ನನ್ನ ಕೈದೇ ಕಣವ್ವ ಅಂದು, ಮುದ್ದೆ ಬಿಟ್ಟು ಎದ್ದು ಗುದ್ದಲಿ ತಗೊಂಡನಂತೆ.

ಆಮೇಲೆ ಮನೆಮಂದಿಯೆಲ್ಲ ಸೇರಿ ಮೂರು ಗುಂಡಿ ತೋಡಿದರಂತೆ. ಒಂದರಲ್ಲಿ ಬಣ್ಣದ ಗಸಿ ತಳ ಸೇರಬೇಕು, ಇನ್ನೊಂದರಲ್ಲಿ ನೀರು ಮರಳಲ್ಲಿ ಸೋಸಿ ಬರಬೇಕು, ಮೂರನೇದರಲ್ಲಿ ಜೊಂಡುಹುಲ್ಲಿನ ಬೇರಲ್ಲಿ ಇಳೀಬೇಕು, ಆಮೇಲೇ ಹಳ್ಳ ಸೇರಬೇಕು. ಹಳ್ಳ ಸರಿಹೋಗೋ ತನಕ ಗಂಡುಮಕ್ಕಳು ಹಳ್ಳದ ಮೇಲ್ಗಡೆಯಿಂದ ಒಳ್ಳೆ ನೀರು ತುಂಬಿ, ಗಾಡೀಲಿ ಕೆಳಗಿನ ಊರಿಗೆ ಸಾಗಿಸಿದರಂತೆ. ಅರಮನೆಯೋರು ಬಂದು ಸೀರೆ ಎಲ್ಲಿ ಅಂತ ಗದರಿದರೆ, ಹಳ್ಳ ತಿಳಿಯಾಗೋ ತನಕ ನಮ್ಮನೇಲಿ ಬಣ್ಣದ ಒಲೆ ಹಚ್ಚಲ್ಲ, ರಾಜರಿಗೆ ಹಾಗೇ ಹೇಳಿ ಅಂದನಂತೆ ಸಿದ್ದಯ್ಯ.

ಆಮೇಲೆ ಮಳೆ ಬಂತು, ಹಳ್ಳದ ಕೊಳೆ ತೊಳಕೊಂಡು ಹೋಯ್ತು, ಮೀನು ಬಂದ್ವು, ಮಿಂಚುಳ್ಳಿ ಬಂತು. ತಂಗಿ ಎದ್ದು ಓಡಾಡಿದಳಂತೆ. ಗುಂಡಿ ನೋಡೋಕೆ ಊರೂರಿಂದ ಜನ ಬಂದರೆ, ಇದೆಲ್ಲ ಮಾಡಿಸಿದ್ದು ನಮ್ಮ ಸೊಸೆ ಅಂತ ಸಿದ್ದಯ್ಯ ಎದೆಯುಬ್ಬಿಸಿ ಹೇಳೋನಂತೆ. ಕೆಳಗಿನ ಊರೋರು ಬಿಡಬೇಕಲ್ಲ, ಮೊದಲು ಅವಳು ನಮ್ಮೂರ ಮಗಳು ಅನ್ನೋರಂತೆ. ಎರಡೂರಿಗೂ ಅದೊಂದೇ ಜಗಳ ಉಳೀತಂತೆ, ಇವತ್ತಿಗೂ ತೀರಿಲ್ಲವಂತೆ.

ಅಷ್ಟೇ ಕಂದ, ಕತೆ ಆಯ್ತು. ಮಲಕ್ಕೋ.