ತೊಂಬತ್ತೊಂಬತ್ತು ಊಟದ ಗೂಬೆ

ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕಲಿತ ಮೇಲೆ ಅಳಿಲನ್ನು ಹಿಡಿಯುವವರೇ ಇರಲಿಲ್ಲ. ಆಲದ ಮರದ ಹತ್ತೂ ಜೀವಿಗಳನ್ನು ಕೇಳಿತು: “ದಿನಕ್ಕೆ ಎಷ್ಟು ಊಟ?” ಒಂಬತ್ತು ಜೀವಿಗಳು “ಒಂದೇ” ಎಂದವು. ಮುದಿ ಗೂಬೆ ಬಾಯಿ ಬಿಡಲಿಲ್ಲ. ಉತ್ತರ ಕೊಡದವರ ಗುರುತಿಗೆ 99 ಎಂದು ತುಂಬಬೇಕೆಂದು ಮೇಷ್ಟ್ರು ಕಲಿಸಿದ್ದರು. ಅದನ್ನು ಸರಾಸರಿಯಿಂದ ಹೊರಗಿಡಬೇಕೆಂದು ಅವರು ಹೇಳುವ ಹೊತ್ತಿಗೆ ಅಳಿಲು ಕೇಳಿಸಿಕೊಳ್ಳದೆ ಕುಣಿಯುತ್ತಿತ್ತು. ಈಗ ಗುಂಡಿ ಒತ್ತಿ ಪಲ್ಟಿ ಹೊಡೆಯಿತು.

“ಕರಡಿರಾಯರೇ, ಒಬ್ಬೊಬ್ಬರಿಗೆ ಸರಾಸರಿ ಸುಮಾರು ಹನ್ನೊಂದು ಊಟ!”

“ಹನ್ನೊಂದಾ?” ಎಂದಿತು ಉಗ್ರಾಣದ ಕರಡಿ. “ಹಾಗಾದರೆ ನಾಳೆಯಿಂದ ಈ ಮರಕ್ಕೆ ಹಣ್ಣಿನ ಬುಟ್ಟಿ ಬಂದ್!”

ಮೇಲಿನ ಕೊಂಬೆಯಿಂದ ಗೂಬೆಯ ಕ್ಷೀಣ ದನಿ ಕೇಳಿತು. “ಮಗಾ, ನಾಲ್ಕು ದಿನದ ಉಪವಾಸ. ನೀನು ಕೇಳಿದಾಗ ಬಾಯಿ ತೆರೆಯಲೂ ತ್ರಾಣವಿರಲಿಲ್ಲ. ನನ್ನ ಹೆಸರಿನ ಮುಂದೆ ಏನು ಬರೆದೆ?”

ಅಳಿಲಿನ ಬಾಲ ಕುಣಿಯುವುದನ್ನು ನಿಲ್ಲಿಸಿತು.

“ತೊಂಬತ್ತೊಂಬತ್ತು ಊಟ, ಅಜ್ಜಾ.”