ಮೆಟ್ಟದೆ ಇಟ್ಟ ಚಪ್ಪಲಿ

ಗುಡ್ಡದ ಮಠದ ಮೆಟ್ಟಿಲು ಹತ್ತುವಷ್ಟರಲ್ಲಿ ರಾಚಪ್ಪನಿಗೆ ಮೂರು ಕಡೆ ಕೂರಬೇಕಾಯಿತು. ಮೂವತ್ತೈದು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು; ಮಠದ ಗುರುಗಳಿಗೆ ಹಳೆಯ ಶಿಷ್ಯ.

"ಅಜ್ಜಾರ, ಮಗ್ಗ ಬಿಟ್ಟೆ. ಇನ್ನ ಮುಪ್ಪು ಸುಖದಿಂದ ಕಳೀಬೇಕು. ದಾರಿ ತೋರಿಸ್ರಿ."

ಹೆಂಡತಿ ನೀಲವ್ವ ತೀರಿ ಆಗಷ್ಟೇ ತಿಂಗಳಾಗಿತ್ತು.

"ಸುಖಕ್ಕಂತ ಏನೇನು ತಯಾರಿ ಮಾಡ್ಕೊಂಡೀಪಾ?" ಎಂದರು ಗುರುಗಳು.

ರಾಚಪ್ಪ ಬಗಲಲ್ಲಿದ್ದ ಗಂಟು ಬಿಚ್ಚಿದ. ತೊಗಲಿನ ಚಪ್ಪಲಿ. ಗುರುವಿನ ಮುಂದೆ ಇಡಲು ನಾಚಿಕೆಯಾಯಿತು, ಆದರೂ ಇಟ್ಟ. ಮದುಮಗನ ಕಾಲಲ್ಲೂ ಅಷ್ಟು ಹೊಸದು ಇರಲಿಕ್ಕಿಲ್ಲ.

"ಮದುವಿ ವರ್ಷ ಇಬ್ಬರಿಗೂ ಹೊಲಿಸಿದ್ದೆ. ಶ್ರೀಶೈಲಕ್ಕ ನಡಕೊಂತ ಹೋಗಿ ಬರ್ರಿ ಅಂತ ನೀವ ಹೇಳಿದ್ರಿ. ಕೆಲಸ ಎಲ್ಲಾ ಮುಗೀಲಿ, ಆಮ್ಯಾಲ ಆರಾಮ ಹೋಗೂಣು ಅಂತ ಟ್ರಂಕಿನ್ಯಾಗ ಇಟ್ಟೆ."

"ನೀಲವ್ವಂದು ಎಲ್ಲಿ?"

"ಆಕಿ ಮೆಟ್ಟಿ ಮೆಟ್ಟಿ ಹರದ್ಲು. ನೀರಿಗೂ ಅದ, ಸಂತಿಗೂ ಅದ. ಮೂರು ಸಲ ಉಂಗುಟದ ಪಟ್ಟಿ ಹೊಲಿಸಿದ್ಲು."

"ನೀ ಏನಂದಿ?"

"ಬೈದೆ." ರಾಚಪ್ಪ ಮುಖ ಒರೆಸಿಕೊಂಡ. "ಹೊಳಿಗೆ ಹೋಗಿ ಬರೂಣು ಬಾ ಅಂತ ದಿನಾ ಸಂಜಿಮುಂದ ಕರೀತಿದ್ಲು, ಅಜ್ಜಾರ. ಒಂದಿನಾನೂ ಕುಣಿ ಬಿಟ್ಟು ಏಳಲಿಲ್ಲ ನಾ."

ಗುರುಗಳು ಒಂದು ಚಪ್ಪಲಿ ಎತ್ತಿ ಬಗ್ಗಿಸಿದರು. ಕಟ್ಟಿಗೆಯಂತಾಗಿದ್ದ ತೊಗಲು ಅಂಚಿನಲ್ಲಿ ಬಿರಿಯಿತು. ರಾಚಪ್ಪ ಅಯ್ಯೋ ಎಂದ.

ಅವರು ಹರಳೆಣ್ಣೆ ತಂದು ತಮ್ಮ ಕೈಯಾರೆ ತಿಕ್ಕತೊಡಗಿದರು. ಬಿಸಿಲು ಇಳಿಯುವವರೆಗೂ ತಿಕ್ಕಿದರು. ಎಣ್ಣೆ ಮೇಲೆಯೇ ನಿಂತಿತು.

"ಮೆತ್ತಗಾಗ್ತಾವೇನ್ರಿ?"

"ಇಲ್ಲ."

"ಶ್ರೀಶೈಲ?"

"ನಿನ್ನ ಕಾಲಿಲೆ ಮುಟ್ಟಾಂಗಿಲ್ಲ."

ಎಷ್ಟೋ ಸುಳ್ಳು ಸಮಾಧಾನ ಕೇಳಿಸಿಕೊಂಡು ಬಂದಿದ್ದ ರಾಚಪ್ಪ. ಇಲ್ಲಿ ಅದೂ ಸಿಗಲಿಲ್ಲ. ನೆಲಕ್ಕೆ ಕೂತು ಗಟ್ಟಿಯಾಗಿ ಅತ್ತ.

"ಹಂಗಾರ ಇನ್ನ ಏನೈತ್ರಿ ನನಗ?"

ಗುರುಗಳು ಚಪ್ಪಲಿಗಳನ್ನು ಅವನ ಕಾಲ ಬಳಿ ಜೋಡಿಸಿಟ್ಟು, ಎದ್ದು ನಿಂತು ಕೈ ಚಾಚಿದರು.

"ಮೆಟ್ಟಗೊ. ಕಚ್ಚತಾವ. ಹೊಳಿಗೆ ಹೋಗೂಣು ಬಾ. ನೀಲವ್ವ ಕರದು ಭಾಳ ವರ್ಷ ಆತು."